ಅಮ್ಮ ಕಪ್ಪು ಬ್ಲೌಸ್ ಬೇಡ ಅಂದಿದ್ದು ಯಾಕೆ? ವಯಸ್ಸು ಮತ್ತು ಕಣ್ಣಿನ ಲೆಕ್ಕ

(ಈ ವಾರದ ಸಂಚಿಕೆಯ ಬರಹ ರೂಪ. ಇಯರ್‌ಫೋನ್ ಮರೆತು ಬಸ್ ಹತ್ತಿದವರಿಗಾಗಿ.)

 

ಇವತ್ತಿನ ವಿಷಯ ನನಗೆ ಸಿಕ್ಕಿದ್ದು ಒಂದು ನೋಟ್‌ಬುಕ್‌ನಲ್ಲಿ. ನಮ್ಮಮ್ಮ ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿತಾರೆ, 22 ವರ್ಷದಿಂದ. ನಾನು ಬಿ.ಕಾಂ. ಮಾಡಿದ್ದಕ್ಕೆ ಮನೆಯಲ್ಲಿ ಸಿಕ್ಕಿರೋ ಏಕೈಕ ಹುದ್ದೆ ಅಂದ್ರೆ, ವರ್ಷಕ್ಕೊಮ್ಮೆ ಅಮ್ಮನ ಆರ್ಡರ್ ಪುಸ್ತಕ ತೆಗೆದು ಟೋಟಲ್ ಹಾಕೋದು. ಸಂಬಳ: ಒಂದು ಪ್ಲೇಟ್ ಮಂಡಕ್ಕಿ, ಮೆಣಸಿನಕಾಯಿ.

ಈ ಸಲ ಟೋಟಲ್ ಕಡಿಮೆ ಬಂತು. ಎರಡು ಸಲ ಕೂಡಿಸಿದೆ, ಅದೇ ಬಂತು. ಗಿರಾಕಿಗಳು ಕಡಿಮೆ ಆಗಿದ್ದಾರಾ ಅಂತ ಹೆಸರುಗಳನ್ನ ನೋಡಿದೆ. ಇಲ್ಲ, ಅವರೇ ಇದ್ದಾರೆ. ಆಮೇಲೆ ಬಣ್ಣದ ಕಾಲಂ ಕಣ್ಣಿಗೆ ಬಿತ್ತು. ಅಮ್ಮ ಪ್ರತಿ ಬ್ಲೌಸ್‌ನ ಮುಂದೆ ಬಣ್ಣ ಬರೀತಾರೆ. ಸುಮಾರು ಒಂದು ವರ್ಷದಿಂದ ಕಪ್ಪು ಒಂದೂ ಇಲ್ಲ. ನೇವಿ ಬ್ಲೂ ಇಲ್ಲ. ಕಾಫಿ ಬಣ್ಣ ಇಲ್ಲ. ಕಪ್ಪು ಬ್ಲೌಸ್ ಅಂದ್ರೆ ಎಲ್ಲ ಸೀರೆಗೂ ಹೊಂದುತ್ತೆ ಅಂತ ಎಲ್ಲರೂ ಒಂದಾದ್ರೂ ಹೊಲಿಸ್ತಾರೆ. ಅದು ಹೇಗೆ ಒಂದೂ ಇಲ್ಲ?

ಕೇಳಿದೆ. ‘ಕಪ್ಪು ಬಟ್ಟೆಗೆ ಕಪ್ಪು ದಾರದಲ್ಲಿ ಹೆಮ್ಮಿಂಗ್ ಮಾಡೋದು ಯಾರಿಗೆ ಬೇಕು ಕಣೇ, ಬೇಜಾರು’ ಅಂದ್ರು. 21 ವರ್ಷ ಬರದೇ ಇದ್ದ ಬೇಜಾರು ಈಗ ಬಂದಿದೆ. ಇನ್ನೊಂದು ವಿಷಯ ಗೊತ್ತಾಯ್ತು. ಮೊದಲು ರಾತ್ರಿ 10ರವರೆಗೂ ಹುಕ್ ಹಾಕ್ತಿದ್ದವರು ಈಗ ಸಂಜೆ 5ಕ್ಕೇ ಮಷಿನ್ ಮೇಲೆ ಬಟ್ಟೆ ಮುಚ್ಚಿಬಿಡ್ತಾರೆ. ಕೈಹೊಲಿಗೆಯೆಲ್ಲ ಬೆಳಿಗ್ಗೆ, ಅದೂ ಬಾಗಿಲ ಹತ್ತಿರ ಬಿಸಿಲಲ್ಲಿ. ಕೇಳಿದ್ರೆ, ‘ಟ್ಯೂಬ್‌ಲೈಟ್ ಸರಿ ಇಲ್ಲ.’

ಅಮ್ಮನಿಗೆ ಈಗ 48. ಟ್ಯೂಬ್‌ಲೈಟ್ ಸರಿಯಾಗಿಯೇ ಇದೆ.

ಮುಂದೆ ಹೋಗೋ ಮೊದಲು ಒಂದು ಸಣ್ಣ ಪ್ರಯೋಗ ಮಾಡೋಣ. ಕನ್ನಡಕ ಇದ್ರೆ ಹಾಕ್ಕೊಂಡಿರಿ. ಒಂದು ಕಣ್ಣು ಮುಚ್ಚಿ. ಹೆಬ್ಬೆರಳನ್ನ ಮುಖದ ಮುಂದೆ ಹಿಡಿದು, ಅದರ ಗೆರೆಗಳನ್ನ ನೋಡ್ತಾ ನಿಧಾನವಾಗಿ ಹತ್ತಿರ ತನ್ನಿ. ಒಂದು ಕಡೆ ಗೆರೆಗಳು ಮಸುಕಾಗುತ್ತವೆ. ನಿಮಗೆ ಇಪ್ಪತ್ತೈದು, ಮೂವತ್ತರ ಒಳಗಿದ್ರೆ ಆ ಜಾಗ ಮುಖದಿಂದ ಸುಮಾರು 10 ಸೆಂಟಿಮೀಟರ್ ಆಚೀಚೆ ಇರುತ್ತೆ. ಮನೆಯಲ್ಲಿ ಹತ್ತು ವರ್ಷದ ಮಗು ಇದ್ರೆ ಅದಕ್ಕೂ ಮಾಡಿಸಿ. ಬೆರಳು ಮೂಗಿನ ಹತ್ತಿರ ಹತ್ತಿರ ಬಂದ್ರೂ ‘ಕಾಣ್ತಿದೆ’ ಅನ್ನುತ್ತೆ. ಅಪ್ಪ ಅಮ್ಮನಿಗೆ ಮಾಡಿಸಿದ್ರೆ ಅವರು ಕೈಯನ್ನ ಮುಂದೆ ತರೋ ಬದಲು ಹಿಂದಕ್ಕೆ ಒಯ್ತಾರೆ.

ಅಂದ್ರೆ ಇದು ನಲವತ್ತಕ್ಕೆ ಶುರುವಾಗೋ ತೊಂದರೆ ಅಲ್ಲ. ನಮಗೆ ಹತ್ತು ವರ್ಷ ಇದ್ದಾಗಿನಿಂದಲೇ ಇಳಿತಾ ಬಂದಿದೆ. ನನಗೂ ಇಳಿತಿದೆ, ನಿಮಗೂ ಇಳಿತಿದೆ, ಈ ಸಂಚಿಕೆ ಕೇಳ್ತಿರುವಾಗಲೂ.

ಕಾಮರ್ಸ್ ಓದಿದವರು ಇದನ್ನ ಎಲ್ಲೋ ನೋಡಿದ್ದೀವಲ್ಲ ಅಂತೀರಿ. ಡೆಪ್ರಿಸಿಯೇಷನ್! ಅದೂ ಸ್ಟ್ರೈಟ್ ಲೈನ್ ಮೆಥಡ್. ತಮಾಷೆಗೆ ಹೇಳ್ತಿಲ್ಲ. ಹತ್ತಿರದ ವಸ್ತುವನ್ನ ಫೋಕಸ್ ಮಾಡೋ ಕಣ್ಣಿನ ಶಕ್ತಿಯನ್ನ ಡಯಾಪ್ಟರ್ ಅನ್ನೋ ಅಳತೆಯಲ್ಲಿ ಹೇಳ್ತಾರೆ. ಅರ್ಧ ಮೀಟರ್ ದೂರದ ವಸ್ತು ನೋಡೋಕೆ 2 ಡಯಾಪ್ಟರ್ ಬೇಕು, ಮೂರನೇ ಒಂದು ಮೀಟರ್‌ಗೆ 3, ಕಾಲು ಮೀಟರ್‌ಗೆ 4. ಅಮೆರಿಕದ ಹಾಫ್‌ಸ್ಟೆಟರ್ ಅನ್ನೋ ದೃಷ್ಟಿ ತಜ್ಞರು ಅವರಿಗಿಂತ ಹಿಂದಿನವರ ಅಳತೆಗಳನ್ನ ಇಟ್ಟುಕೊಂಡು ಒಂದು ಸರಳ ಸೂತ್ರ ಕೊಟ್ಟರು: ನಿಮ್ಮ ವಯಸ್ಸನ್ನ 0.3ರಿಂದ ಗುಣಿಸಿ, ಬಂದಿದ್ದನ್ನ 18.5ರಿಂದ ಕಳೆಯಿರಿ. ಅದು ಆ ವಯಸ್ಸಿನ ಸರಾಸರಿ ಶಕ್ತಿ. 10 ವರ್ಷಕ್ಕೆ 15.5. ನನ್ನ ವಯಸ್ಸು 28, ಅಂದ್ರೆ 10.1. ಅಮ್ಮನ 48ಕ್ಕೆ 4.1. 60ಕ್ಕೆ ಅರ್ಧ ಡಯಾಪ್ಟರ್. ವರ್ಷಕ್ಕೆ ಇಷ್ಟು ಅಂತ ಸಮವಾಗಿ ಕಳೀತಾ ಹೋಗಿ ಕೊನೆಗೆ ಸ್ಕ್ರ್ಯಾಪ್ ವ್ಯಾಲ್ಯೂ. ಪ್ರತಿಯೊಬ್ಬರಿಗೂ ಇದೇ ಸಂಖ್ಯೆ ಬರುತ್ತೆ ಅಂತಲ್ಲ, ಆದ್ರೆ ದಿಕ್ಕು ಎಲ್ಲರದ್ದೂ ಇದೇ.

ಹಾಗಾದ್ರೆ ನಲವತ್ತು ದಾಟಿದ ಮೇಲೇ ಯಾಕೆ ಗೊತ್ತಾಗುತ್ತೆ? ಯಾಕಂದ್ರೆ ಅಲ್ಲಿವರೆಗೂ ನಮ್ಮ ಹತ್ರ ಬೇಕಾದ್ದಕ್ಕಿಂತ ಹೆಚ್ಚು ಬ್ಯಾಲೆನ್ಸ್ ಇರುತ್ತೆ. 15 ಇದ್ದದ್ದು 10 ಆದ್ರೆ ಯಾರಿಗೆ ಗೊತ್ತಾಗುತ್ತೆ? ಫೋನನ್ನ ಯಾರೂ 10 ಸೆಂಟಿಮೀಟರ್‌ನಲ್ಲಿ ಹಿಡಿಯಲ್ಲ. ಇನ್ನೊಂದು ವಿಷಯ, ಇರೋ ಶಕ್ತಿಯನ್ನ ಪೂರ್ತಿ ಖರ್ಚು ಮಾಡ್ತಾ ಗಂಟೆಗಟ್ಟಲೆ ಕೆಲಸ ಮಾಡೋಕೆ ಆಗಲ್ಲ. ಅರ್ಧದಷ್ಟನ್ನ ಆರಾಮಾಗಿ ಬಳಸಬಹುದು ಅನ್ನೋದು ಕಣ್ಣಿನವರ ಒಂದು ಅಂದಾಜು. ಅಮ್ಮನ 4.1ರಲ್ಲಿ ಅರ್ಧ ಅಂದ್ರೆ 2. ಅಷ್ಟಕ್ಕೆ ಆರಾಮಾಗಿ ಕಾಣೋದು ಅರ್ಧ ಮೀಟರ್ ದೂರದ್ದು. ಹೆಮ್ಮಿಂಗ್ ಮಾಡುವಾಗ ಬಟ್ಟೆ ಇರೋದು ಒಂದು ಅಡಿ ದೂರದಲ್ಲಿ, ಅದಕ್ಕೆ 3ಕ್ಕಿಂತ ಹೆಚ್ಚು ಬೇಕು. ತಿಂಗಳ ಕೊನೆಯ ವಾರ ಇದ್ದ ಹಾಗೆ. ಖರ್ಚು ಹೇಗೋ ನಡೆಯುತ್ತೆ, ಆದ್ರೆ ತಲೆನೋವು ಬರುತ್ತೆ. ಅಮ್ಮನಿಗೆ ನಿಜವಾಗಿಯೂ ತಲೆನೋವು ಬರ್ತಿತ್ತು. ಗ್ಯಾಸ್ ಅಂದ್ಕೊಂಡಿದ್ರು.

ಈಗ ಕಣ್ಣಿನ ಒಳಗೆ ಹೋಗೋಣ.

ಹಳೆಯ ಕ್ಯಾಮೆರಾದಲ್ಲಿ ಫೋಕಸ್ ಮಾಡೋಕೆ ಲೆನ್ಸ್ ಹಿಂದೆ ಮುಂದೆ ಸರಿಯುತ್ತೆ. ಮೀನಿನ ಕಣ್ಣೂ ಹಾಗೇ ಕೆಲಸ ಮಾಡುತ್ತೆ. ನಮ್ಮದು ಬೇರೆ. ನಮ್ಮ ಕಣ್ಣಿನ ಮಸೂರ ಇದ್ದ ಜಾಗದಲ್ಲೇ ಇದ್ದು ಆಕಾರ ಬದಲಿಸುತ್ತೆ. ಅದರ ಸುತ್ತ ಉಂಗುರದ ಥರ ಒಂದು ಸ್ನಾಯು ಇದೆ. ಉಂಗುರಕ್ಕೂ ಮಸೂರಕ್ಕೂ ನಡುವೆ ಕೂದಲಿಗಿಂತ ನವಿರಾದ ಎಳೆಗಳು. ದೂರ ನೋಡುವಾಗ ಸ್ನಾಯು ಸುಮ್ಮನೆ ಇರುತ್ತೆ, ಎಳೆಗಳು ಬಿಗಿಯಾಗಿ ಮಸೂರವನ್ನ ಎಲ್ಲ ಕಡೆಯಿಂದ ಎಳೆದು ಚಪ್ಪಟೆ ಮಾಡಿರುತ್ತವೆ. ಹತ್ತಿರ ನೋಡುವಾಗ ಸ್ನಾಯು ಸಂಕುಚಿತ ಆಗುತ್ತೆ, ಉಂಗುರ ಚಿಕ್ಕದಾಗುತ್ತೆ, ಎಳೆಗಳು ಸಡಿಲ ಆಗ್ತವೆ. ಆಗ ಮಸೂರ ತನ್ನಷ್ಟಕ್ಕೆ ತಾನೇ ಉಬ್ಬಿಕೊಳ್ಳುತ್ತೆ. ಉಬ್ಬಿದ ಮಸೂರ ಬೆಳಕನ್ನ ಹೆಚ್ಚು ಬಗ್ಗಿಸುತ್ತೆ, ಹತ್ತಿರದ್ದು ಸ್ಪಷ್ಟ ಕಾಣುತ್ತೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಇದನ್ನ 1855ರಲ್ಲೇ ವಿವರಿಸಿದ್ರು.

ಇದರಲ್ಲಿ ‘ತನ್ನಷ್ಟಕ್ಕೆ ತಾನೇ’ ಅನ್ನೋದೇ ಮುಖ್ಯ. ಮಸೂರವನ್ನ ಉಬ್ಬಿಸೋಕೆ ಯಾರೂ ಒತ್ತಲ್ಲ. ಬಿಟ್ಟ ಕೂಡಲೇ ಉಬ್ಬೋಕೆ ಅದು ಮೆತ್ತಗಿರಬೇಕು. ವಯಸ್ಸಾಗ್ತಾ ಹೋಗೋದು ಆ ಮೆತ್ತಗಿನ ಗುಣ. ಅದಕ್ಕೇ ಯೂಟ್ಯೂಬ್‌ನಲ್ಲಿ ಬರೋ ‘ಕಣ್ಣಿನ ವ್ಯಾಯಾಮ ಮಾಡಿ, ಕನ್ನಡಕ ಬಿಸಾಕಿ’ ಅನ್ನೋ ವಿಡಿಯೋಗಳ ಬಗ್ಗೆ ನನಗೆ ಸಿಟ್ಟು. ಸ್ನಾಯು ತನ್ನ ಕೆಲಸ ಮಾಡ್ತಾನೇ ಇದೆ. ಗಟ್ಟಿಯಾಗಿರೋದು ಮಸೂರ. ಅದನ್ನ ಯಾವ ಜಿಮ್‌ಗೆ ಕಳಿಸ್ತೀರ?

ಯಾಕೆ ಗಟ್ಟಿಯಾಗುತ್ತೆ ಅನ್ನೋದು ನನಗೆ ತುಂಬ ಇಷ್ಟ ಆದ ಭಾಗ. ಚರ್ಮ ಹಳೆಯದನ್ನ ಉದುರಿಸಿ ಹೊಸದು ಮಾಡ್ಕೊಳ್ಳುತ್ತೆ, ಕೂದಲು ಉದುರುತ್ತೆ. ಮಸೂರ ಯಾವುದನ್ನೂ ಹೊರಗೆ ಹಾಕಲ್ಲ. ಈರುಳ್ಳಿ ಥರ ಹೊರಗಿನಿಂದ ಹೊಸ ಪದರ ಸೇರ್ತಾನೇ ಇರುತ್ತೆ, ಹಳೆಯ ಪದರಗಳು ಮಧ್ಯಕ್ಕೆ ತಳ್ಳಲ್ಪಟ್ಟು ಒತ್ತೊತ್ತಾಗಿ ಕೂರ್ತವೆ. ನಿಮ್ಮ ಮಸೂರದ ನಟ್ಟನಡುವಿನ ಭಾಗ ನೀವು ತಾಯಿಯ ಹೊಟ್ಟೆಯಲ್ಲಿದ್ದಾಗ ತಯಾರಾಗಿದ್ದು. ಅದನ್ನ ಇವತ್ತಿಗೂ ಬದಲಾಯಿಸಿಲ್ಲ. ರಿಪೇರಿ ಮಾಡಬಹುದಲ್ಲ ಅಂದ್ರೆ, ಆಗಲ್ಲ. ಬೆಳಕು ಅಡ್ಡಿಯಿಲ್ಲದೆ ಹಾದುಹೋಗಬೇಕು ಅಂತ ಮಸೂರದಲ್ಲಿ ರಕ್ತನಾಳವೇ ಇಲ್ಲ. ಒಳಗಿನ ಪದರದ ಜೀವಕೋಶಗಳು ತಮ್ಮ ಕೋಶಕೇಂದ್ರವನ್ನೂ ಕಳ್ಕೊಂಡಿರ್ತವೆ. ಪಾರದರ್ಶಕ ಆಗೋಕೆ ರಿಪೇರಿ ಸಾಮಾನುಗಳನ್ನೆಲ್ಲ ಹೊರಗೆ ಹಾಕಿಬಿಟ್ಟಿವೆ. ಗಾಜಿನ ಮನೆ ಕಟ್ಟಿ, ಒಳಗೆ ಮೇಸ್ತ್ರಿ ಹೋಗೋಕೆ ಬಾಗಿಲೇ ಇಡದ ಹಾಗೆ.

ಈಗ ಅಮ್ಮನ ಬಿಸಿಲಿನ ಉಪಾಯಕ್ಕೆ ಬರೋಣ. ಜೋರು ಬೆಳಕಲ್ಲಿ ಕಣ್ಣಿನ ಪಾಪೆ ಚಿಕ್ಕದಾಗುತ್ತೆ. ಸಣ್ಣ ತೂತಿನಿಂದ ನೋಡಿದ್ರೆ ಫೋಕಸ್ ಸ್ವಲ್ಪ ತಪ್ಪಿದ್ರೂ ಚಿತ್ರ ಸ್ಪಷ್ಟ ಇರುತ್ತೆ. ಬೇಕಿದ್ರೆ ಮುಷ್ಟಿಯಲ್ಲಿ ಚಿಕ್ಕ ಕಿಂಡಿ ಮಾಡಿ ಅದರಿಂದ ನೋಡಿ. ಅಮ್ಮ ಯಾವ ಪುಸ್ತಕವನ್ನೂ ಓದದೆ ಇದನ್ನ ಕಂಡುಕೊಂಡಿದ್ರು. ಬೆಳಿಗ್ಗೆ ಬಾಗಿಲ ಹತ್ತಿರ ಕಂಡದ್ದು ಸಂಜೆ ಮಷಿನ್ ಹತ್ತಿರ ಕಾಣಲ್ಲ. ನಿಮ್ಮಪ್ಪ ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ಶೀಟನ್ನ ಹಿಡ್ಕೊಂಡು ರಸ್ತೆಗೆ ಬಂದು ಡೇಟ್ ನೋಡೋದೂ ಇದಕ್ಕೇ.

ಹಾಗಂತ ಅಮ್ಮ ಯಾಕೆ ಹೇಳಲಿಲ್ಲ? ನಮ್ಮ ಭಾಷೆಯಲ್ಲಿ ಇದಕ್ಕೆ ಇರೋ ಹಳೆಯ ಹೆಸರು ಚಾಳೀಸು. ನಲವತ್ತು ಅನ್ನೋ ಪದದಿಂದಲೇ ಬಂದಿದ್ದು. ‘ಚಾಳೀಸು ಬಂತು’ ಅಂದ್ರೆ ಕನ್ನಡಕ ಬಂತು ಅಂತಲೂ ಆಯ್ತು, ನಲವತ್ತು ದಾಟಿತು ಅಂತಲೂ ಆಯ್ತು. ಊರಿಗೆಲ್ಲ ವಯಸ್ಸು ಹೇಳೋ ಹೆಸರು! ಅದರ ಜೊತೆಗೆ ಇನ್ನೊಂದು ಭಯ. ‘ಒಂದ್ಸಲ ಹಾಕಿದ್ರೆ ಕಣ್ಣು ಅದಕ್ಕೇ ಒಗ್ಗಿಬಿಡುತ್ತೆ, ನಂಬರ್ ಏರ್ತಾ ಹೋಗುತ್ತೆ.’ ನಂಬರ್ ಏರೋದು ನಿಜ. ಆದ್ರೆ ಕನ್ನಡಕ ಹಾಕಿದ್ದಕ್ಕಲ್ಲ. ಸೂತ್ರ ನೋಡಿದ್ರಲ್ಲ, ಹಾಕಿದ್ರೂ ಹಾಕದಿದ್ರೂ ಅದು ಇಳಿಯೋದು ಇಳಿಯುತ್ತೆ. ‘ನನಗೆ ಐವತ್ತೈದಾದ್ರೂ ಪೇಪರ್ ಓದೋಕೆ ಕನ್ನಡಕ ಬೇಡ’ ಅಂತ ಹೆಮ್ಮೆ ಪಡೋ ಚಿಕ್ಕಪ್ಪಂದಿರು ಇರ್ತಾರೆ. ಗಮನಿಸಿ, ಅವರಲ್ಲಿ ಬಹಳ ಜನ ದೂರಕ್ಕೆ ಮೈನಸ್ ಕನ್ನಡಕ ಹಾಕೋರು. ಓದುವಾಗ ಅದನ್ನ ತೆಗೀತಾರೆ, ಅಷ್ಟೇ.

ಈ ಸಂಕೋಚಕ್ಕೆ ಬೆಲೆ ಎಷ್ಟು? ಅಸ್ಸಾಂನ ಚಹಾ ತೋಟದಲ್ಲಿ 40 ದಾಟಿದ 751 ಕೆಲಸಗಾರರ ಮೇಲೆ ಒಂದು ಪ್ರಯೋಗ ನಡೆದಿತ್ತು. 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂತು. ಅರ್ಧ ಜನಕ್ಕೆ ಹತ್ತಿರ ನೋಡೋ ಕನ್ನಡಕವನ್ನ ತಕ್ಷಣ ಕೊಟ್ಟರು, ಉಳಿದವರಿಗೆ ಪ್ರಯೋಗ ಮುಗಿದ ಮೇಲೆ ಕೊಟ್ಟರು. ಕನ್ನಡಕ ಸಿಕ್ಕವರು ಕಿತ್ತ ಎಲೆ, ಸಿಗದವರಿಗೆ ಹೋಲಿಸಿದ್ರೆ ಶೇ 21.7ರಷ್ಟು ಹೆಚ್ಚು. ದಿನಕ್ಕೆ ಸುಮಾರು 5 ಕೆ.ಜಿ. ವ್ಯತ್ಯಾಸ. ಹೊಸ ಯಂತ್ರ ಇಲ್ಲ, ತರಬೇತಿ ಇಲ್ಲ, ಒಂದು ಸಾದಾ ಪ್ಲಸ್ ಕನ್ನಡಕ. ಇದನ್ನ ಓದಿದಾಗ ನನಗೆ ನೆನಪಾಗಿದ್ದು ಅಮ್ಮನ ಬಣ್ಣದ ಕಾಲಂ. ಅಮ್ಮ ಕಣ್ಣಿಂದ ಕಳ್ಕೊಂಡ ದುಡ್ಡನ್ನ ನಾನು ‘ಮಾರ್ಕೆಟ್ ಡಲ್’ ಅಂತ ಬರೆದುಕೊಂಡಿದ್ದೆ.

ಕೆಲವರು ಕಾಮೆಂಟ್‌ನಲ್ಲಿ ಕೇಳೇ ಕೇಳ್ತೀರ: ಕನ್ನಡಕ ಬೇಡ ಅನ್ನೋ ಐ ಡ್ರಾಪ್ಸ್ ಬಂದಿತ್ತಲ್ಲ? ಬಂದಿತ್ತು. ಪೈಲೋಕಾರ್ಪಿನ್ ಅನ್ನೋ ಹಳೆಯ ಔಷಧಿ. ಅದು ಮಾಡೋದು ಪಾಪೆಯನ್ನ ಚಿಕ್ಕದು ಮಾಡೋ ಕೆಲಸ, ಅಂದ್ರೆ ಅಮ್ಮನ ಬಿಸಿಲಿನ ಉಪಾಯವೇ ಬಾಟಲಿಯಲ್ಲಿ. ಕೆಲವು ಗಂಟೆ ಮಾತ್ರ ಕೆಲಸ. ನಮ್ಮ ದೇಶದಲ್ಲಿ ಅಂಥ ಒಂದು ಡ್ರಾಪ್ಸ್‌ನ ಅನುಮತಿಯನ್ನ, ಪ್ರಚಾರದಲ್ಲಿ ಮಾಡಿದ ದೊಡ್ಡ ದೊಡ್ಡ ಮಾತುಗಳ ಕಾರಣಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಅಮಾನತು ಮಾಡಿದ್ರು. ಡಾಕ್ಟರ್ ಹೇಳದೆ ಯಾವ ಡ್ರಾಪ್ಸ್ ಕೂಡ ಬೇಡ, ಇಷ್ಟು ಸಾಕು.

ಅರವತ್ತು ದಾಟಿದ ಮೇಲೆ ಕಥೆ ಬೇರೆ. ಮಸೂರದೊಳಗಿನ ಪ್ರೋಟೀನ್‌ಗಳು ಒಂದಕ್ಕೊಂದು ಅಂಟಿಕೊಂಡು ಹಳದಿಯಾಗ್ತವೆ, ಮಬ್ಬಾಗ್ತವೆ. ಪಾಪೆಯೂ ಮೊದಲಿನಷ್ಟು ಅಗಲ ಆಗಲ್ಲ. ಎರಡೂ ಸೇರಿ, 60ರ ಕಣ್ಣಿನ ಒಳಪರದೆಗೆ ತಲುಪೋ ಬೆಳಕು 20ರ ಕಣ್ಣಿಗೆ ತಲುಪೋದರ ಸುಮಾರು ಮೂರನೇ ಒಂದು ಭಾಗ. ಅಜ್ಜಿ ‘ಲೈಟ್ ಹಾಕ್ರೋ’ ಅನ್ನೋದು ಹಗಲಲ್ಲೂ ಯಾಕೆ ಅಂತ ಗೊತ್ತಾಯ್ತಾ? ಮಬ್ಬು ಹೆಚ್ಚಾದ್ರೆ ಅದೇ ಕಣ್ಣಿನ ಪೊರೆ. ಇದರಲ್ಲಿ ಒಂದು ಮೋಸ ಇದೆ. ಪೊರೆ ಶುರುವಾಗುವಾಗ ಕೆಲವರಿಗೆ ಮಸೂರದ ನಡುಭಾಗ ದಟ್ಟವಾಗಿ ಕಣ್ಣು ಮೈನಸ್ ಕಡೆಗೆ ವಾಲುತ್ತೆ. ಆಗ ಇಷ್ಟು ವರ್ಷ ಕನ್ನಡಕ ಹಾಕಿದ ಅಜ್ಜ ಒಂದು ದಿನ ಕನ್ನಡಕ ಇಲ್ಲದೆ ಪೇಪರ್ ಓದ್ತಾರೆ. ಮನೆಯವರೆಲ್ಲ ಖುಷಿ. ಹಾಗಾದ್ರೆ ಖುಷಿ ಪಡಬೇಡಿ, ಕಣ್ಣಿನ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಪೊರೆಗೆ ಆಪರೇಷನ್ ಇದೆ. ಹಳೆಯ ಮಸೂರ ತೆಗೆದು ಕೃತಕ ಮಸೂರ ಹಾಕ್ತಾರೆ. ಮೊದಲ ಸಲ ಇದನ್ನ ಮಾಡಿದ್ದು 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ. ಯುದ್ಧವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣೊಳಗೆ ಹೊಕ್ಕರೂ ಕಣ್ಣು ಅವನ್ನ ಸಹಿಸಿಕೊಂಡಿದ್ದು ನೋಡಿ ಅವರಿಗೆ ಆ ಯೋಚನೆ ಬಂದಿದ್ದು. ಕೃತಕ ಮಸೂರ ಉಬ್ಬಲ್ಲ, ಹಾಗಾಗಿ ಸಾಮಾನ್ಯ ಮಸೂರ ಹಾಕಿಸಿಕೊಂಡವರಿಗೆ ಆಮೇಲೂ ಓದೋ ಕನ್ನಡಕ ಬೇಕು.

ಕಣ್ಣಿನ ಎಲ್ಲ ಭಾಗವೂ ಒಂದೇ ವೇಗದಲ್ಲಿ ಮುಪ್ಪಾಗಲ್ಲ ಅನ್ನೋದಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ. ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರಿಗೆ 76 ವರ್ಷ. ಅವರ ಕಣ್ಣುಗಳನ್ನ ದಾನ ಮಾಡಿದ್ರು. ದಾನದಲ್ಲಿ ಇನ್ನೊಬ್ಬರಿಗೆ ಕೂರಿಸೋದು ಕಾರ್ನಿಯಾ, ಮುಂಭಾಗದ ಪಾರದರ್ಶಕ ಪದರ. ಮಸೂರ ಮುಪ್ಪಾದ ಕಣ್ಣಿನಲ್ಲೂ ಅದು ಚೆನ್ನಾಗಿರಬಹುದು.

ಇಲ್ಲಿವರೆಗೆ ಹೇಳಿದ್ದೆಲ್ಲ ಮಸೂರದ ಕಥೆ. ಈಗ ಹೇಳೋದು ಕಣ್ಣಿನ ಹಿಂದಿನ ಕಥೆ. ಈ ಸಂಚಿಕೆ ಮಾಡಿದ್ದೇ ಇದಕ್ಕೆ.

ನಮ್ಮ ದೊಡ್ಡಮಾವನಿಗೆ, ಅಮ್ಮನ ಅಣ್ಣನಿಗೆ, 61. ಮೂರು ನಾಲ್ಕು ವರ್ಷದಿಂದ ಬಾಗಿಲ ಚೌಕಟ್ಟಿಗೆ ಭುಜ ತಾಗಿಸ್ಕೊಳ್ತಿದ್ರು. ಪಕ್ಕದಲ್ಲಿಟ್ಟ ಟೀ ಲೋಟ ಬೀಳಿಸ್ತಿದ್ರು. ಒಂದ್ಸಲ ಎಡಗಡೆಯಿಂದ ಬಂದ ಬೈಕ್ ಕಾಣದೆ ಮೊಪೆಡ್ ಸಮೇತ ಬಿದ್ದರು. ಮನೆಯಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು, ‘ವಯಸ್ಸಾಯ್ತಲ್ಲ.’ ಮಾವನೂ ಅದನ್ನೇ ಹೇಳಿ ನಗ್ತಿದ್ರು. ಅಂಗಡಿಗೆ ಹೋಗಿ ಕನ್ನಡಕ ಬದಲಾಯಿಸ್ತಿದ್ರು, ಅಲ್ಲಿ ಬೋರ್ಡ್‌ನ ಕೊನೆ ಸಾಲಿನವರೆಗೂ ಓದ್ತಿದ್ರು. ಅಕ್ಷರ ಕಾಣ್ತಿದೆ ಅಂದ್ಮೇಲೆ ಕಣ್ಣು ಚೆನ್ನಾಗಿದೆ ಅಂತ ಅರ್ಥ ಅಲ್ವಾ?

ಅಲ್ಲ. ಅದು ಗ್ಲಾಕೋಮಾ. ಕಣ್ಣಿನಿಂದ ಮೆದುಳಿಗೆ ಹೋಗೋ ನರ, ಹೆಚ್ಚಿನವರಲ್ಲಿ ಕಣ್ಣೊಳಗಿನ ಒತ್ತಡದಿಂದಾಗಿ, ನಿಧಾನವಾಗಿ ಸಾಯುತ್ತೆ. ಸಾಮಾನ್ಯವಾಗಿ ಮೊದಲು ಹೋಗೋದು ಪಕ್ಕದ ನೋಟ. ನೇರ ನೋಟ ಕೊನೆಯವರೆಗೂ ಉಳಿದಿರಬಹುದು, ಅದಕ್ಕೇ ಬೋರ್ಡ್ ಓದೋಕೆ ಆಗುತ್ತೆ. ನೋವಿಲ್ಲ, ಕೆಂಪಾಗಲ್ಲ. ಖಾಲಿ ಆದ ಜಾಗವನ್ನ ಮೆದುಳು ಸುತ್ತಲಿನ ಚಿತ್ರದಿಂದ ತುಂಬಿಬಿಡುತ್ತೆ, ಕಪ್ಪು ಕಲೆ ಅಂತಲೂ ಕಾಣಲ್ಲ. ಹೋದದ್ದು ವಾಪಸ್ ಬರಲ್ಲ. ಡ್ರಾಪ್ಸ್ ಹಾಕಿ ಉಳಿದದ್ದನ್ನ ಕಾಪಾಡಬಹುದು, ಅಷ್ಟೇ. ಮಾವನ ಎಡಗಣ್ಣಲ್ಲಿ ಉಳಿದಿರೋದು ಕೊಳವೆಯಿಂದ ನೋಡಿದಷ್ಟು.

ಅಮ್ಮ ತಲೆನೋವು ಅಂದ್ರು, ಸಂಜೆ ಕಾಣಲ್ಲ ಅಂದ್ರು. ಹತ್ತಿರದ ಅಂಗಡಿಯಿಂದ ಒಂದು ರೆಡಿಮೇಡ್ ಕನ್ನಡಕ ತಂದುಕೊಟ್ಟಿದ್ರೆ ಆಗ್ತಿತ್ತು. ಆದ್ರೆ ಗ್ಲಾಕೋಮಾ ಇರೋರ ಒಡಹುಟ್ಟಿದವರಿಗೆ, ಮಕ್ಕಳಿಗೆ ಅದು ಬರೋ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಹಾಗಾಗಿ ಆಸ್ಪತ್ರೆಗೇ ಹೋದ್ವಿ. ಅಮ್ಮನ ಒತ್ತಡ 16 ಬಂತು. ಸಾಮಾನ್ಯವಾಗಿ 10ರಿಂದ 21ರ ಒಳಗಿದ್ರೆ ಸರಿ ಅಂತಾರೆ. ಆದ್ರೆ ಡಾಕ್ಟರ್ ಅಲ್ಲಿಗೇ ಬಿಡಲಿಲ್ಲ, ಒತ್ತಡ ಸರಿ ಇದ್ದೂ ನರ ಹಾಳಾಗೋರು ಇದ್ದಾರಂತೆ. ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ಒಳಗಿನ ನರ ನೋಡಿದ್ರು. ಸದ್ಯಕ್ಕೆ ಚೆನ್ನಾಗಿದೆ, ವರ್ಷಕ್ಕೊಮ್ಮೆ ಬನ್ನಿ ಅಂದ್ರು.

ನೀವು ಕರ್ಕೊಂಡು ಹೋಗೋದಾದ್ರೆ ಕೇಳಬೇಕಾದ್ದು ಇದನ್ನೇ. ನಂಬರ್ ಒಂದೇ ಅಲ್ಲ, ಒತ್ತಡ ಮತ್ತು ಒಳಗಿನ ನರ, ಪರದೆ ಎರಡನ್ನೂ ನೋಡಿ ಅಂತ. ಶುಗರ್ ಇದ್ರೆ ವರ್ಷಕ್ಕೊಮ್ಮೆ ಪರದೆಯ ಪರೀಕ್ಷೆ ತಪ್ಪಿಸಬೇಡಿ. ಶುಗರ್ ಮೇಲೆ ಕೆಳಗೆ ಆಗ್ತಿರುವಾಗ ನಂಬರೂ ಬದಲಾಗುತ್ತೆ, ಆಗ ಮಾಡಿಸಿದ ಕನ್ನಡಕ ದಂಡ. ನೇರ ಗೆರೆಗಳು, ಬಾಗಿಲು, ಕಂಬ, ಅಲೆಅಲೆಯಾಗಿ ಕಂಡ್ರೆ ಕಾಯಬೇಡಿ, ಅದು ಪರದೆಯ ನಡುಭಾಗದ ತೊಂದರೆ ಇರಬಹುದು. ಪಾಪೆ ಅಗಲ ಮಾಡೋ ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಎಲ್ಲ ಮಂಜು, ಅದಕ್ಕೇ ಅವರನ್ನ ಬೈಕ್ ಓಡಿಸೋಕೆ ಬಿಡಬೇಡಿ, ನೀವೇ ಹೋಗಿ. ದುಡ್ಡಿನ ಚಿಂತೆ ಇದ್ರೆ, ಕಣ್ಣು ತಪಾಸಣೆ ಮಾಡಿ ಉಚಿತ ಕನ್ನಡಕ ಕೊಡೋ ಆಶಾಕಿರಣ ಅನ್ನೋ ಯೋಜನೆ ನಮ್ಮ ರಾಜ್ಯದಲ್ಲಿದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನ ವಿಚಾರಿಸಿ.

ಅಮ್ಮನ ನಂಬರ್ ಪ್ಲಸ್ 1.5. ಕನ್ನಡಕ ಬಂದ ದಿನ ಸಂಜೆ ಏಳಕ್ಕೆ ಟ್ಯೂಬ್‌ಲೈಟ್ ಕೆಳಗೆ ಕೂತು ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದ್ರು. ನಾನು ಫೋನ್ ತೆಗೆದು ವಿಡಿಯೋ ಮಾಡೋಕೆ ಹೋದೆ, ‘ಸುಮ್ನಿರೇ’ ಅಂದ್ರು. ಆಮೇಲೆ ಕೊಡೋಕೆ ಮಡಚಿಟ್ಟಿದ್ದ ಒಂದು ಹಸಿರು ಬ್ಲೌಸ್ ತೆಗೆದು ಹೆಮ್ಮಿಂಗ್ ನೋಡ್ತಾ ಕೂತ್ರು. ಬಹಳ ಹೊತ್ತು ಮಾತಾಡಲಿಲ್ಲ. ‘ಇಷ್ಟು ದಿನ ಇಂಥದ್ದನ್ನ ಕೊಟ್ಟು ದುಡ್ಡು ಇಸ್ಕೊಂಡೆನಾ’ ಅಂದ್ರು. ಮರುದಿನ ಬೆಳಿಗ್ಗೆ ನಾಲ್ಕು ಜನಕ್ಕೆ ಫೋನ್ ಮಾಡಿ, ಬ್ಲೌಸ್ ತಂದುಕೊಡಿ, ಕೈಹೊಲಿಗೆ ಬಿಚ್ಚಿ ಮತ್ತೆ ಹಾಕಿಕೊಡ್ತೀನಿ ಅಂದ್ರು. ಲೆಕ್ಕದ ಪುಸ್ತಕದಲ್ಲಿ ಆ ನಾಲ್ಕರ ಮುಂದೆ ದುಡ್ಡಿನ ಕಾಲಂ ಖಾಲಿ ಇದೆ. ಐದನೆಯದು ಕಪ್ಪು.